ಹಮ್ಮಿಗಿ ದಂಡೆಯ ಮರ್ಯಾದೆ

ನನ್ನ ಕ್ಯಾಮೆರಾ ಚೀಲದ ಬಾಯಿ ತೆರೆದರೆ ಇವತ್ತಿಗೂ ಮೀನಿನ ವಾಸನೆ. ಮನೆಯವಳು ಮೂಗು ಮುಚ್ಚಿಕೊಂಡು ಅತ್ತ ಸರಿಯುತ್ತಾಳೆ. ನನಗೆ ಮಾತ್ರ ಮೈ ಜುಮ್ಮೆನ್ನುತ್ತದೆ. ಯಾಕೆ ಅಂತೀರಾ?

ನಾನೊಬ್ಬ ಬೇಟೆಗಾರ. ಗಾಬರಿಯಾಗಬೇಡಿ, ಬಂದೂಕಿನವನಲ್ಲ, ಕ್ಯಾಮೆರಾ ಹೆಗಲಿಗೇರಿಸಿ ಹಕ್ಕಿಗಳ ಬೆನ್ನು ಹತ್ತಿದವನು. ಹೋದ ಚಳಿಗಾಲ ಪಟ್ಟೆತಲೆಯ ಹೆಬ್ಬಾತುಗಳು ಹಮ್ಮಿಗಿಯ ಹೊಳೆಗೆ ಇಳಿದಿವೆ ಎಂಬ ಸುದ್ದಿ ಬಂದದ್ದೇ ತಡ, ಚಹಾ ಕೂಡ ಕುಡಿಯದೆ ಗದಗಿನಿಂದ ಬೈಕ್ ಓಡಿಸಿದೆ. ಮೂರು ವರ್ಷದಿಂದ ಅವು ನನ್ನನ್ನು ಹತ್ತಿರ ಸುಳಿಯಗೊಟ್ಟಿರಲಿಲ್ಲ.

ದಂಡೆಯಲ್ಲಿ ಒಬ್ಬ ಹಿರಿಯರು ಗಾಳ ಹಾಕಿ ಕೂತಿದ್ದರು. ಯಮನಪ್ಪ ಅಂತ ಹೆಸರು, ಆಮೇಲೆ ತಿಳಿಯಿತು. ಅವಸರದಲ್ಲಿ ಅವರ ಗಾಳದ ಕೋಲನ್ನು ದಾಟಿದ್ದಲ್ಲದೆ, "ಎಷ್ಟು ಸಿಕ್ಕಾವ್ರೀ?" ಎಂದೂ ಕೇಳಿಬಿಟ್ಟೆ.

"ಕೋಲು ದಾಟಬಾರ್ದ್ರಿ. ಎಷ್ಟು ಸಿಕ್ಕಾವಂತ ಕೇಳಬಾರ್ದು. ನೆಳ್ಳು ನೀರಿಗಿ ಬೀಳಬಾರ್ದು. ಹಿಂದ ಕುಂಡ್ರಿ. ಬಸುರಿ ಮಗಳು ಬಾಳಿಮೀನ ಬೇಡ್ಯಾಳ. ಹನ್ನೆರಡರ ಬಸ್ಸಿಗೆ ಗಂಡನ ಮನಿಗಿ ಹೊಂಟಾಳ."

ಊರಲ್ಲಿ ಹತ್ತು ಮಂದಿಗೆ ಹಕ್ಕಿ ನೋಡುವ ಶಿಸ್ತು ಬೋಧಿಸುವ ನಾನು ಹೇಳಿದಂತೆ ಹಿಂದೆ ಸರಿದು ಕೂತೆ.

ಕೂತದ್ದೇ ಒಳ್ಳೆಯದಾಯಿತು. ಅಲುಗಾಡದ ನಮ್ಮಿಬ್ಬರನ್ನು ಬಂಡೆಗಳೆಂದುಕೊಂಡವೋ ಏನೋ, ಹೆಬ್ಬಾತುಗಳು ನಮ್ಮತ್ತಲೇ ತೇಲಿ ಬಂದವು. ಕಣ್ಣಿಗೆ ಕ್ಯಾಮೆರಾ ಹಚ್ಚಿದೆ. ಇನ್ನೊಂದಿಷ್ಟು ಹತ್ತಿರ ಬರಲಿ ಎನ್ನುವಷ್ಟರಲ್ಲಿ ಯಮನಪ್ಪ ಕಾಕಾನ ಗಾಳದ ದಾರ ಬಿಗಿಯಿತು. ದೊಡ್ಡ ಮೀನು. ಎಳೆದರೆ ನೀರು ಕದಡಿ ಹಕ್ಕಿಗಳು ಹಾರುತ್ತವೆ. ಅವರು ಎಳೆಯಲಿಲ್ಲ. ದಾರವನ್ನು ಅಂಗೈಗೆ ಸುತ್ತಿಕೊಂಡು, ಹಲ್ಲು ಕಚ್ಚಿ ಪಿಸುಗುಟ್ಟಿದರು: "ಜಲ್ದಿ ಫೋಟೊ ತಗೀರಿ. ಹಿಡಿದೇನಿ."

ಅಂಗೈಯಲ್ಲಿ ರಕ್ತ ಕಂಡಿತು. ನನ್ನ ಬೆರಳು ಗುಂಡಿಯ ಮೇಲೇ ಇತ್ತು, ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ? ಆದರೆ ಬಾಯಿಂದ ಬಂದದ್ದು ಬೇರೆ.

"ಎಳೀರಿ ಕಾಕಾ, ಎಳೀರಿ!"

ಗುಂಪಿಗೆ ಗುಂಪೇ ಮೇಲೆದ್ದಿತು. ಕ್ಯಾಮೆರಾ ಬದಿಗಿಟ್ಟು ನಾನೂ ದಾರಕ್ಕೆ ಕೈ ಹಾಕಿದೆ. ಮೊಣಕಾಲುದ್ದ ಕೆಸರು, ಕೂಗಾಟ, ಜಾರಾಟ. ಕೊನೆಗೆ ತೋಳುದ್ದದ ಬಾಳೆಮೀನು ದಂಡೆಗೆ ಬಂದು ಬಿತ್ತು. ಅವರ ಚೀಲದಲ್ಲಿ ಹಿಡಿಸಲಿಲ್ಲ, ನನ್ನದನ್ನೇ ಒಡ್ಡಿದೆ. ಕಾಕಾನನ್ನು ಹಿಂದೆ ಕೂರಿಸಿಕೊಂಡು ಬೈಕ್ ಹಾರಿಸಿದೆ. ಮಗಳು ಇನ್ನೂ ತಲೆ ಬಾಚಿಕೊಳ್ಳುತ್ತಿದ್ದಳು. ಮೀನು ನೋಡಿ ಬಾಚಣಿಗೆ ಕೈಬಿಟ್ಟು ನಕ್ಕಳು. ಅಷ್ಟು ಖುಷಿ ನನಗೆ ಯಾವ ಫೋಟೊದಿಂದಲೂ ಆಗಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಫೋನು ಬಂತು. ಕಾಕಾ.

"ಹಕ್ಕಿ ಬಂದಾವ್ರಿ. ನೀವು ಬರೂತನಾ ನಾ ಗಾಳ ಹಾಕಂಗಿಲ್ಲ."

"ಹಾಕ್ರಿ ಕಾಕಾ," ಎಂದೆ, ಚಪ್ಪಲಿ ಹುಡುಕುತ್ತಾ. "ನನಗೂ ಒಂದು ಗಾಳ ಕಟ್ಟಿಡ್ರಿ."