ಅಮ್ಮನ ಬೆರಳಿಗೆ ಸಿಕ್ಕಿದ ರೇಷ್ಮೆ

ಒಲೆಯ ಮೇಲೆ ಹರಳೆಣ್ಣೆಗೆ ಜೇನುಮೇಣ ಹಾಕಿ ಕರಗಿಸುತ್ತಿದ್ದೇನೆ. ವಾಸನೆ ಚೆನ್ನಾಗಿಲ್ಲ, ನೀವು ಬಂದಿದ್ದರೆ ಕಾಫಿ ಬೇಡವೆಂದು ಎದ್ದುಬಿಡುತ್ತಿದ್ದಿರಿ. ಪುಟ್ಟೇನಹಳ್ಳಿಯಲ್ಲಿ ನನ್ನದೊಂದು ಸಣ್ಣ ನರ್ಸರಿ ಇದೆ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವಳು ನಾನು. ಅದನ್ನು ಬೋರ್ಡಿನ ಮೇಲೂ ಬರೆಸಿದ್ದೇನೆ. ಮಣ್ಣು ಬೋರ್ಡು ಓದುವುದಿಲ್ಲ, ಬೆರಳು ಒಡೆಯುತ್ತದೆ.

ಈ ಮುಲಾಮು ಅಮ್ಮನದು. ಅವಳು ಜಯನಗರದ ನಾಲ್ಕಾರು ಮನೆಗಳ ತೋಟ ನೋಡಿಕೊಳ್ಳುತ್ತಿದ್ದಳು. ಅಂಗೈಯ ಬಿರುಕಿನಲ್ಲಿ ಕೂತ ಮಣ್ಣು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಅವಳಿಗೆ ಅದರ ಚಿಂತೆಯೂ ಇರಲಿಲ್ಲ, ನನ್ನ ಮದುವೆ ಗೊತ್ತಾಗುವವರೆಗೆ. ಧಾರೆ ಸೀರೆಯ ನೆರಿಗೆ ತಾನೇ ಹಿಡಿದು ಉಡಿಸಬೇಕೆಂಬುದು ಅವಳ ಆಸೆ. ರೇಷ್ಮೆಯೋ, ಅವಳ ಕೈ ಸವರಿದರೆ ಸಾಕು, ಎಳೆ ಏಳುತ್ತಿತ್ತು.

"ಪಾರ್ಲರ್‌ನೋಳು ಉಡಿಸ್ತಾಳೆ ಬಿಡೇ. ನಿಂದು ಕೈಯಲ್ಲ, ತುರಿಮಣೆ!" ಎಂದರು ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ.

"ನನ್ ಮಗಳಿಗೆ ನಾನೇ ಉಡಿಸ್ತೀನಿ. ನೀನು ಪಿನ್ನು ಹಿಡ್ಕೊಂಡು ನಿಂತ್ಕೋ ಸಾಕು," ಎಂದಳು ಅಮ್ಮ.

ಅಂದಿನಿಂದ ತೋಟದ ಕೆಲಸಕ್ಕೆ ರಜೆ. ದಿನಾ ಉಗುರುಬೆಚ್ಚನೆ ನೀರಿನಲ್ಲಿ ಕೈ ನೆನೆಸಿ, ಒರೆಸಿ, ಮುಲಾಮು ತುಂಬಿ, ನನ್ನ ಹಳೇ ಕಾಲುಚೀಲ ಕೈಗೆ ತೊಟ್ಟು ಕೂರುತ್ತಿದ್ದಳು. ಮದುವೆ ಹೊತ್ತಿಗೆ ಬಿರುಕು ಮುಚ್ಚಿತ್ತು. ಸೆರಗಿನ ಮೇಲೆ ಕೈಯಾಡಿಸಿ ತೋರಿಸಿದಳು, ಒಂದೆಳೆಯೂ ಏಳಲಿಲ್ಲ.

ಮುಹೂರ್ತದ ಬೆಳಿಗ್ಗೆ ಬನಶಂಕರಿಯ ಛತ್ರದ ಕೋಣೆಯಲ್ಲಿ ಸೀರೆ ಹಿಡಿದು ಕಾಯುತ್ತಿದ್ದೇನೆ, ಅಮ್ಮನೇ ಇಲ್ಲ. ಕಿಟಕಿಯಿಂದ ನೋಡಿದರೆ, ಹೊಸ ಸೀರೆಯುಟ್ಟುಕೊಂಡು ಛತ್ರದವರ ಹೂಕುಂಡಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದಾಳೆ!

"ಅಮ್ಮಾ!"

"ಕೊನ್ನಾರಿ ಕಣೇ, ಗಡ್ಡೆ ಬಿಟ್ರೆ ಗಿಡಾನೇ ತಿಂದ್ಹಾಕತ್ತೆ," ಎಂದವಳು ಆಮೇಲೆ ತನ್ನ ಬೆರಳು ನೋಡಿಕೊಂಡಳು. ಹೊಸ ಚರ್ಮ ಮತ್ತೆ ಸೀಳಿತ್ತು.

ಕೈ ತೊಳೆದು ಬಂದು ಬಾಗಿಲಲ್ಲೇ ನಿಂತಳು. "ದೊಡ್ಡಮ್ಮನ್ನೇ ಕರಿ," ಎಂದಳು, ನನ್ನ ಮುಖ ನೋಡದೆ.

ನಾನು ಸೀರೆಯನ್ನು ಅವಳ ಕೈಗಿಟ್ಟೆ. "ಎಳೆ ಬಂದ್ರೆ ಬರ್ಲಿ. ಹೊತ್ತಾಗತ್ತೆ, ಹಿಡಿ."

ನೆರಿಗೆ ನೆರಿಗೆಗೂ ರೇಷ್ಮೆ ಚರ್ ಎಂದಿತು. ದೊಡ್ಡಮ್ಮ ಪಿನ್ನು ಹಿಡಿದುಕೊಂಡೇ ಕಣ್ಣು ಮುಚ್ಚಿದರು. ಅಂಥ ನೆರಿಗೆ ಕೂರಿಸಲು ನನಗೆ ಇಂದಿಗೂ ಬಂದಿಲ್ಲ.

ಮುಲಾಮು ಆರಿದೆ. ಮಂಡಿ ನೋವೆಂದು ಅಮ್ಮ ಕೆಲಸ ಬಿಟ್ಟು ವರ್ಷಗಳಾದವು. ಈಗ ನನ್ನ ಪಕ್ಕ ಕೂತು, ನನ್ನ ಬಿರುಕುಗಳಿಗೆ ಮುಲಾಮು ತುಂಬುತ್ತಾ, "ಗ್ಲೌಸ್ ಹಾಕ್ಕೊಳಕ್ಕೇನು ಧಾಡಿ ನಿಂಗೆ? ಓದಿದೋಳು ಬೇರೆ," ಎಂದು ಗದರುತ್ತಿದ್ದಾಳೆ. ನಾನು ಇನ್ನೊಂದು ಕೈಯನ್ನೂ ಚಾಚುತ್ತೇನೆ. ಅವಳ ಬೆರಳು ಈಗ ರೇಷ್ಮೆಯಷ್ಟು ನುಣುಪಾಗಿಬಿಟ್ಟಿದೆ. ತರಚುತ್ತಿರುವುದು ನನ್ನ ಕೈ.