ಉದ್ದಪ್ಪ ಉಪಗ್ರಹಕ್ಕೆ ಹೊಲ ತೋರಿಸಿದ್ದು

ತುಕ್ಕಾನಟ್ಟಿಯ ಉದ್ದಪ್ಪನಿಗೆ ಐವತ್ತು ದಾಟಿದರೂ ಕಂಡದ್ದನ್ನೆಲ್ಲ ಬಿಚ್ಚಿ ನೋಡುವ ಚಟ ಹೋಗಿರಲಿಲ್ಲ. ರೇಡಿಯೋ ಬಿಚ್ಚಿ ಮನೆಗೆ ಶಾಂತಿ ತಂದ. ಪಂಪಸೆಟ್ ಬಿಚ್ಚಿದ ದಿನ ಹೆಂಡತಿ ಸೀತವ್ವ ತವರಿಗೆ ಹೋಗಿಬಿಟ್ಟಳು. ಅಂಥ ವೀರನ ಕೈಗೆ ಎಟುಕದ ವಸ್ತು ಮೊದಲ ಸಲ ಎದುರಾದದ್ದು ೨೦೦೩ರ ಡಿಸೆಂಬರಿನಲ್ಲಿ: ಉಪಗ್ರಹ.

ಅದರ ಸುದ್ದಿ ತಂದವಳು ಮೂಡಲಗಿಯ ಜೈನರ ಮನೆಯ ರೂಪಾಲಿ. ಮೇಲಿನಿಂದ ತೆಗೆದ ಚಿತ್ರ ನೋಡಿ ಎಲ್ಲಿ ಕಾಡು, ಎಲ್ಲಿ ಬೆಳೆ, ಎಲ್ಲಿ ಬಂಜರು ಎಂದು ನಕ್ಷೆ ಮಾಡುವುದು, ಅನುಮಾನ ಬಂದಲ್ಲಿಗೆ ಜೀಪಿನಲ್ಲಿ ಹೋಗಿ ನೋಡಿ ಬರುವುದು ಅವಳ ನೌಕರಿ. ಭೂಮಿಯ ಹವೆ ಬಿಸಿಯಾಗುವುದರಲ್ಲಿ ನಮ್ಮ ದೇಶದ ಪಾಲೆಷ್ಟು ಎಂದು ಜಗತ್ತಿಗೆ ವರದಿ ಒಪ್ಪಿಸಲು ಆ ನಕ್ಷೆ ಬೇಕಿತ್ತು. ತುಕ್ಕಾನಟ್ಟಿಗೆ ಬಂದ ಅವಳು ಜೀಪಿನ ಬಾನೆಟ್ ಮೇಲೆ ಚಿತ್ರ ಹಾಸಿದಳು. ಊರಿಗೆ ಊರೇ ಕೆಂಪು!

“ಬಾಯಾರ, ನಮ್ಮ ಕಬ್ಬು ಹಸರ ಐತಲ್ರಿ. ಇದೇನು ಕುಂಕುಮ ಚೆಲ್ಲಿದಂಗ?”

“ಕಣ್ಣಿಗೆ ಕಾಣದ ಬೆಳಕೊಂದು ಐತಿ ಕಾಕಾ. ಹಸಿ ಎಲಿಗೋಳು ಅದನ್ನ ಭಾಳ ಹೊಳಸ್ತಾವು. ನಾವು ಅದಕ್ಕ ಕೆಂಪು ಬಣ್ಣ ಕೊಟ್ಟೇವಿ.”

“ಇದರಾಗ ನನ್ನ ಹೊಲ ಯಾವುದ್ರಿ?”

“ಎಲ್ಲಾ ಬರೇ ಕಬ್ಬು. ಹೆಂಗ ಗುರ್ತ ಹಿಡೀಲಿ? ಜನವರಿ ಕಡೀಕ ಇನ್ನೊಂದು ಚಿತ್ರ ಬರತೈತಿ, ನೋಡೂಣು.”

ಅಷ್ಟು ಸಾಕಾಯಿತು. ಉದ್ದಪ್ಪ ನಾಗನೂರಿನ ಚಹಾದಂಗಡಿಗೆ ಹೋಗಿ, ಸರಕಾರದ ನಕ್ಷೆಯಲ್ಲಿ ತನ್ನ ಹೊಲವನ್ನು ಬೆರಳಿಟ್ಟು ತೋರಿಸುವೆನೆಂದು ಘೋಷಿಸಿದ. “ನೀ ತೋರಿಸಿದ್ರ ನಿನ್ನ ಹೆಗಲ ಮ್ಯಾಲ ಹೊತ್ತು ಊರ ಸುತ್ತಿಸ್ತೇನಿ” ಎಂದು ಷಡ್ಡಕ ಲಗಮಪ್ಪ ನಕ್ಕ.

ಜನವರಿಗೆ ಉದ್ದಪ್ಪನ ಕಬ್ಬು ಕಡಿದು, ಬುಡಗಳಿಂದ ಕೂಳೆ ಗೇಣುದ್ದ ಚಿಗುರಿತ್ತು. ಉಪಗ್ರಹ ಹಾಯುವ ದಿನವನ್ನು ರೂಪಾಲಿಯಿಂದ ಕೇಳಿಕೊಂಡು ಅವನು ದಂಡಯಾತ್ರೆಗೆ ಹೊರಟ. ಬೆಲ್ಲದ ಗಾಣಗಳ ಒಲೆಗೆಂದು ಒಣಗಿಸಿದ್ದ ಬಿಳಿ ಕಬ್ಬಿನ ಸಿಪ್ಪೆ ಬಂಡಿ ಬಂಡಿಯಾಗಿ ಬಂತು. ಮಸಗುಪ್ಪಿಯ ಗಾಣವೊಂದು ಒಲೆಗೆ ಉರುವಲಿಲ್ಲದೆ ನಿಂತೇ ಹೋಯಿತು. ಕೂಳೆ ಕಾಣದಂತೆ ಸಿಪ್ಪೆ ಹಾಸಿ ಎರಡೆಕರೆ ಹೊಲ ಬೆಳ್ಳಗಾಯಿತು.

“ಹೊಲಕ್ಕ ಮದವಿ ಮಾಡಾಕತ್ತೀರೇನು?” ಎಂದಳು ಸೀತವ್ವ.

ಉಪಗ್ರಹ ಹಾದುಹೋದ ಮರುದಿನ ಸಿಪ್ಪೆ ಗಾಣಗಳಿಗೆ ಹಿಂತಿರುಗಿತು.

ಫೆಬ್ರವರಿಯಲ್ಲಿ ರೂಪಾಲಿಯ ಜೀಪು ಯಾರನ್ನೂ ದಾರಿ ಕೇಳದೆ ನೆಟ್ಟಗೆ ಉದ್ದಪ್ಪನ ಹೊಲಕ್ಕೇ ಬಂತು. ಚಹಾದಂಗಡಿಯ ಮಂದಿ ಬೆನ್ನಟ್ಟಿ ಬಂದರು. ಹೊಸ ಚಿತ್ರದ ಕೆಂಪಿನ ನಡುವೆ ಒಂದು ಬಿಳಿ ಚುಕ್ಕೆ ಜಗಜಗಿಸುತ್ತಿತ್ತು.

“ನಂದು!” ಎಂದು ಉದ್ದಪ್ಪ ಬೆರಳಿಟ್ಟ. ಲಗಮಪ್ಪ ಹೆಗಲು ಮುಟ್ಟಿ ನೋಡಿಕೊಂಡ.

“ಇದನ್ನ ಕಂಪ್ಯೂಟರ್ ಬಂಜರು ಅಂದೈತಿ ಕಾಕಾ” ಎಂದಳು ರೂಪಾಲಿ. “ಈಗ ನೋಡಿದ್ರ ಕಬ್ಬು ಐತಿ. ಚಿತ್ರ ತಗದಾಗ ಏನಿತ್ತು? ನೀವು ಹೇಳಿದ್ದನ್ನ ಬರಕೋತೇನಿ. ಖಾಲಿ ಇತ್ತಂದ್ರ ಹಿಂಗs ಇರತೈತಿ. ಕಬ್ಬಿತ್ತಂದ್ರ ನಕ್ಷಾದಾಗ ಎಲ್ಲಾರ ಜೋಡಿ ಕೆಂಪಾಗತೈತಿ.”

ಉದ್ದಪ್ಪ ಲಗಮಪ್ಪನ ಅಗಲವಾದ ಹೆಗಲನ್ನು ಆಸೆಯಿಂದ ನೋಡಿದ. ಕಾಲಕೆಳಗಿನ ಎರೆಮಣ್ಣನ್ನೂ ನೋಡಿದ.

“ಬಂಜರು ಅಂತ ಯಾವ ದೇಶಕ್ಕ ಬರದು ಕಳಸ್ತೀರ್ರಿ?”

“ಎಲ್ಲಾ ದೇಶಕ್ಕೂ.”

“ಏ, ಬ್ಯಾಡ್ರಿ! ಈ ಮಣ್ಣಿಗೆ ಬಂಜರು ಅಂದ್ರ ಬಾಯಾಗ ಹುಳಾ ಬೀಳ್ತಾವು. ಕಬ್ಬs ಇತ್ತು. ಮ್ಯಾಲ ಸಿಪ್ಪಿ ಹಾಸಿದಾಂವ ನಾನು.”

ನಗು ಹೊಲದ ಬದು ದಾಟಿತು. ರೂಪಾಲಿ ನಗುತ್ತಲೇ ಬಿಳಿ ಚುಕ್ಕೆಯ ಮೇಲೆ ಕೆಂಪು ಪೆನ್ಸಿಲ್ ಆಡಿಸಿದಳು.

“ಎಲ್ಲೋ ಈಗ ನಿನ್ನ ಹೊಲ?” ಎಂದ ಲಗಮಪ್ಪ.

ಉದ್ದಪ್ಪ ಇಡೀ ಅಂಗೈಯನ್ನು ಆ ಕೆಂಪಿನ ಮೇಲಿಟ್ಟ. “ಇದರಾಗ ಐತಿ. ನಿಂದೂ ಇದರಾಗs ಐತಿ. ನಿಂದ ನೀ ಹುಡಕು ನೋಡೂಣು.”

ಲಗಮಪ್ಪ ಬಾನೆಟ್ ಮೇಲೆ ಬಗ್ಗಿದ. ಡ್ರೈವರ್ ಎರಡು ಸಲ ಹಾರ್ನ್ ಹೊಡೆದರೂ ಏಳಲಿಲ್ಲ.