ಕರೆಂಟ್ ಬೀಡಿಯ ಟ್ಯಾಂಕಿಗೆ ನಾನು ಹೊಸೆದ ಬತ್ತಿ

ನಮ್ಮ ಸೊಸೆ ಹೆರಿಗೆಗೆ ಅಂತ ಎಚ್.ಡಿ. ಕೋಟೆಗೆ, ತವರಿಗೆ ಹೋಗಿದ್ಲು. ಗಂಡು ಮಗು ಆಯ್ತು. ನೋಡೋಕೆ ಹೋದ್ರೆ ಬೀಗಿತ್ತಿ ನನ್ನ ಮಡಿಲಿಗೆ ಮಗು ಹಾಕಿದಳು. ನಮ್ಮ ಮುದುಕ ಕೈ ಚಾಚಿದ್ರೆ ಮೂಗಿಗೆ ಸೆರಗು ಇಟ್ಕೊಂಡಳು.

"ಬೀಗ್ರೇ, ಮೊದ್ಲು ಬೀಡಿ ಬುಟ್ಟು ಬನ್ನಿ. ಆಮ್ಯಾಕೆ ಎತ್ಕೊಳ್ಳೋರಂತೆ."

ಮುದುಕ ಹುಟ್ಟಿದಾಗಿನಿಂದ ಹೊಗೆಸೊಪ್ಪಿನ ನಡುವೆ ಬೆಳೆದೋನು. ವಾಪಸ್ ಬಂದು ನಮ್ಮೂರು ಬೆಟ್ಟದಪುರದಲ್ಲಿ ಬಸ್ಸು ಇಳಿದ್ವಿ. ಇಳಿದೋನೇ ಒಂದು ಬೀಡಿ ಹಚ್ಚಿದ. ಮಗು ನೆನಪಾಗಿ ಎಸೆದ. ಇನ್ನೊಂದು ಹಚ್ಚಿದ.

ಇದನ್ನ ನೋಡಿ ಅವನ ತಂಗಿ ಮಗ ಒಂದು ಕರೆಂಟ್ ಬೀಡಿ ತಂದ್ಕೊಟ್ಟ. ಆಗಿನ್ನೂ ಸರ್ಕಾರದೋರು ಅದನ್ನ ಬ್ಯಾನ್ ಮಾಡಿರಲಿಲ್ಲ. ಕೆಳಗೆ ಬ್ಯಾಟ್ರಿ, ಮೇಲೆ ಗಾಜಿನ ಟ್ಯಾಂಕು, ಟ್ಯಾಂಕಿನೊಳಗೆ ಶರಬತ್ತಿನಂಥ ರಸ. ಗುಂಡಿ ಒತ್ತಿ ಎಳೆದ್ರೆ ಹೊಗೆ ಬರೋದು, ಬೀಡಿ ನಾತ ಇರಲಿಲ್ಲ. ಎರಡೇ ದಿನ. ಹಾಲು ಕರೆಯೋಕೆ ಬಗ್ಗಿದಾಗ ಜೇಬಿಂದ ಬಿತ್ತು, ಹಸು ಟ್ಯಾಂಕಿನ ಮೇಲೆ ಕಾಲಿಟ್ಟಿತು.

ಹೊಸ ಟ್ಯಾಂಕಿಗೆ ಹುಣಸೂರಿಗೆ ನಾನೂ ಹೋದೆ. ಮೊಬೈಲ್ ಅಂಗಡಿಯೋನು ಮೂರು ಟ್ಯಾಂಕು ಮುಂದಿಟ್ಟ.

"ಅಜ್ಜಿ, ಈ ದೊಡ್ಡದು ತಗೊಳ್ಳಿ. ಬೆಸ್ಟು."

"ಒಸಿ ನೀರು ಕೊಡಪ್ಪ."

"ಕುಡಿಯೋಕಾ?"

"ಇದಕ್ಕೆ ಹುಯ್ಯೋಕೆ."

ನೀರು ತುಂಬಿ ನೋಡದೆ ನಾನು ಒಂದು ಬಿಂದಿಗೆಯನ್ನೂ ಮನೆಗೆ ತಂದೋಳಲ್ಲ. ಮೂರಕ್ಕೂ ತುಂಬಿ ತಲೆಕೆಳಗು ಹಿಡಿದೆ. ಬೆಸ್ಟು ಅಂದದ್ದು ಅವನ ಬಿಲ್ ಪುಸ್ತಕದ ಮೇಲೇ ಸೋರಿತು. ಎರಡನೇದು ತೊಟ್ಟಿಕ್ಕಿತು. ಎಲ್ಲಕ್ಕಿಂತ ಅಗ್ಗದ್ದು, ನೋಡೋಕೆ ಕೆಟ್ಟ ಗಿಡ್ಡದ್ದು, ಒಂದು ಹನಿ ಬಿಡಲಿಲ್ಲ. ಅದನ್ನೇ ತಂದ್ವಿ.

ನಾಲ್ಕು ದಿನಕ್ಕೆ ಮುದುಕ ಸೀದ ರುಚಿ ಬರ್ತದೆ ಅಂದ. ಬಿಚ್ಚಿ ನೋಡಿದ್ರೆ ಒಳಗೆ ತಂತಿ ಸುರುಳಿ, ಅದರ ನಡುವೆ ಕರಕಲಾದ ಹತ್ತಿ. ಥೂ, ಇಷ್ಟೇನಾ! ದೀಪಕ್ಕೆ ದಿನಾ ಹೊಸೆಯೋ ಬತ್ತಿ. ತೊಡೆ ಮೇಲೆ ಹೊಸೆದು ಸುರುಳಿಗೆ ತೂರಿಸಿದೆ. ಬಿಗಿಯಾಯ್ತು, ರಸ ಹತ್ತಲಿಲ್ಲ, ಮುದುಕನ ಗಂಟಲು ಸುಟ್ಟಿತು.

"ಸಾಯಿಸ್ತೀಯೇನೇ ನನ್ನ?"

"ಸಾಯಿಸೋಳಾಗಿದ್ರೆ ಮದುವೆಯಾದ ವರ್ಷವೇ ಸಾಯಿಸ್ತಿದ್ದೆ. ಕೊಡಿಲ್ಲಿ."

ಸಡಿಲವಾಗಿ ಹೊಸೆದೆ. ಈಗ ರಸವೆಲ್ಲ ಬಾಯಿಗೆ ಬಂತು. ಅಂಗಳದ ತುಂಬ ಉಗಿದ.

ಮಾರನೇ ದಿನ ಬೆಳಗ್ಗೆ ಮತ್ತೆ ಮಗು ನೋಡೋಕೆ ಎಚ್.ಡಿ. ಕೋಟೆಗೆ ಹೊರಟು ನಿಂತಿದ್ವಿ, ಮುದುಕನ ಕೈ ಬೀಡಿ ಕಟ್ಟಿನ ಕಡೆಗೇ ಹೋಗ್ತಿತ್ತು. ಹೊಸೆಯೋಕೆ ಹೊತ್ತಿಲ್ಲ. ದೇವರ ಮುಂದೆ ಬಟ್ಟಲಲ್ಲಿ ಹರಳೆಣ್ಣೆಗೆ ನೆನೆಹಾಕಿದ ಬತ್ತಿ ಇದ್ವು. ಎಣ್ಣೆ ಕುಡಿದ ಬತ್ತಿ ಬೇಗ ಸುಟ್ಟೋಗಲ್ಲ, ದೀಪದಲ್ಲಿ ನೋಡಿಲ್ವಾ ಅಂತ ಒಂದನ್ನ ತೂರಿಸಿ ಕೊಟ್ಟೆ. ಆಸೆಗೆ ಉದ್ದಕ್ಕೆ ಎಳೆದ. ಕಣ್ಣುಗುಡ್ಡೆ ಮೇಲೆ ಹೋಯ್ತು. ಬೆಕ್ಕು ಎದ್ದು ಆಚೆ ನಡೀತು. ಎರಡು ಚೊಂಬು ನೀರು ಮುಕ್ಕಳಿಸಿದ್ರೂ ನಾತ ಹೋಗಲಿಲ್ಲ. ಬೀಡಿ ಬೇಕಾ ಅಂದೆ. ಹೆಸರೆತ್ತಬೇಡ ಅಂತ ಕೈ ಆಡಿಸಿದ. ಬಸ್ಸಲ್ಲಿ ನಮ್ಮ ಪಕ್ಕ ಕೂತಿದ್ದ ಹೆಂಗಸು ಹಿಂದಿನ ಸೀಟಿಗೆ ಹೋದಳು.

ಬೀಗಿತ್ತಿ ಬಾಗಿಲಲ್ಲೇ ನಿಂತಿದ್ಲು. ಅವನ ಬಾಯಿ ಮೂಸಿದಳು. ಅಂಗಿ ಮೂಸಿದಳು.

"ಬೀಡಿ ವಾಸ್ನೆ ಇಲ್ಲ. ಇದೇನ್ ಬೀಗ್ರೇ, ಹರಳೆಣ್ಣೆ ಕುಡಿದ್ರಾ?"

ಮುದುಕ ನನ್ನ ಮುಖ ನೋಡಿದ.

"ಹೊಟ್ಟೆ ಕಟ್ಕೊಂಡಿತ್ತು, ನಾನೇ ಕುಡಿಸ್ದೆ" ಅಂದೆ.

ಅವಳಿಗೆ ಪಾಪ ಅನ್ನಿಸ್ತೇನೋ, ಒಳಗಿಂದ ಮಗು ತಂದು ಅವನ ತೊಡೆ ಮೇಲೆ ಮಲಗಿಸಿದಳು. ಮುದುಕ ಅಲ್ಲಾಡದೆ ಕೂತ. ಊಟಕ್ಕೆ ಕರೆದ್ರೂ ಏಳಲಿಲ್ಲ. ಬೀಗಿತ್ತಿ ಮಾತ್ರ ಗಳಿಗೆಗೊಂದು ಸಲ ಬಂದು ಇಣುಕೋಳು, "ಬಂತಾ ಬೀಗ್ರೇ? ಬಂದ್ರೆ ಮಗು ಕೊಟ್ಟು ಓಡಿ, ಹಿತ್ತಲಲ್ಲಿ ನೀರಿಟ್ಟಿದ್ದೀನಿ."

"ಇನ್ನೂ ಇಲ್ಲ" ಅಂದ ಮುದುಕ, ಸಾಯಂಕಾಲದವರೆಗೂ.